ಯಾವ ತಿಂಗಳು ಬರ್ತೀರಿ?

ಉತ್ತರ ಕನ್ನಡದ ಸಿದ್ದಾಪುರದ ಹತ್ತಿರ, ಅಡಿಕೆ ತೋಟದ ಮಗ್ಗುಲಲ್ಲೇ ನಮ್ಮನೆ. ಮಕ್ಕಳು ಓದಿಗೆ, ಕೆಲಸಕ್ಕೆ ಅಂತ ಹೋದ ಮೇಲೆ ಉಪ್ಪರಿಗೆ ಖಾಲಿ ಬಿದ್ದಿತ್ತು. ಅದನ್ನೇ ಸರಿ ಮಾಡಿಸಿ ಹೋಂಸ್ಟೇ ಶುರು ಮಾಡಿದೆವು. ಫೋನ್ ಮಾಡುವವರು ಮೊದಲು ಕೇಳುವುದು, "ಅಲ್ಲಿ ನೋಡೋಕೆ ಏನೇನಿದೆ ಅಕ್ಕಾ?" ನಾನು ತಿರುಗಿ ಕೇಳುವುದು, "ಯಾವ ತಿಂಗಳು ಬರ್ತೀರಿ?" ಅದು ಗೊತ್ತಾಗುವ ತನಕ ಒಂದು ಜಾಗದ ಹೆಸರೂ ಹೇಳುವುದಿಲ್ಲ.

ಸಹಸ್ರಲಿಂಗವನ್ನೇ ತಗೊಳ್ಳಿ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು. ಫೋಟೋ ನೋಡಿಕೊಂಡು ಜುಲೈನಲ್ಲಿ ಬಂದರೆ ಕಾಣುವುದು ಕೆಂಪು ನೀರು ಮಾತ್ರ, ಲಿಂಗಗಳೆಲ್ಲ ಅದರ ಅಡಿಗೆ. ಆ ಫೋಟೋ ನೀರಿಳಿದ ಮೇಲೆ ತೆಗೆದದ್ದು, ಅದನ್ನು ಯಾರೂ ಬರೆದಿರುವುದಿಲ್ಲ. ಮಳೆಗಾಲದಲ್ಲಿ ನಾನು ಅಲ್ಲಿಗೆ ಯಾರನ್ನೂ ಕಳಿಸುವುದಿಲ್ಲ. ನೀರಿಗೆ ಇಳಿಯುವ ಆಸೆ ಇರುವ ಹುಡುಗರು ಗುಂಪಿನಲ್ಲಿದ್ದರಂತೂ ಇಲ್ಲವೇ ಇಲ್ಲ.

ಜಲಪಾತದಲ್ಲೂ ಹೀಗೇ ಒಂದು ಲೆಕ್ಕ ಇದೆ. ಮಳೆ ಜೋರಿದ್ದರೆ ಜೋಗ ತುಂಬಿರುತ್ತದೆ ಅಂತ ಎಲ್ಲರ ನಂಬಿಕೆ. ಆದರೆ ಶರಾವತಿಗೆ ಮೇಲುಗಡೆ ಲಿಂಗನಮಕ್ಕಿ ಅಣೆಕಟ್ಟೆ ಇದೆ, 1964ರಿಂದ. ಮಳೆಗಾಲದ ಮೊದಲರ್ಧದ ನೀರೆಲ್ಲ ಅದನ್ನು ತುಂಬಿಸುವುದಕ್ಕೇ ಬೇಕು. ಜೋಗಕ್ಕೆ ಬೀಳುವುದು ಅಣೆಕಟ್ಟೆಯಿಂದ ಈಚೆಗಿನ ಹಳ್ಳಗಳ ನೀರು. ಅದೂ ಚೆಂದವೇ. ಆದರೆ 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಅಪ್ಪಳಿಸುವುದು ನೋಡಬೇಕೆಂದರೆ ಗೇಟು ತೆಗೆಯಬೇಕು. ಅದಕ್ಕೇ ಆಗಸ್ಟ್ ಬಂತೆಂದರೆ ನಮ್ಮನೆಯಲ್ಲಿ ಪೇಪರಿನ ಜಲಾಶಯದ ಮಟ್ಟವನ್ನು ಮೊದಲು ಓದುವವಳು ನಾನೇ.

ಉಂಚಳ್ಳಿ ಹಾಗಲ್ಲ. ಅಘನಾಶಿನಿಗೆ ಅಣೆಕಟ್ಟೆ ಇಲ್ಲ. ಶಿರಸಿ ಸೀಮೆಯಲ್ಲಿ ಮಳೆ ಹೊಯ್ದರೆ ಆ 116 ಮೀಟರಿನ ಜಲಪಾತ ತುಂಬಿತು ಅಂತಲೇ ಅರ್ಥ. ಹಾಗಾಗಿ ಜೂನ್ ಕೊನೆ, ಜುಲೈಗೆ ಬಂದವರಿಗೆ ಉಂಚಳ್ಳಿ; ಆಗಸ್ಟ್ ಕೊನೆ, ಸೆಪ್ಟೆಂಬರಿನವರಿಗೆ ಜೋಗ. ಉಂಚಳ್ಳಿಯಲ್ಲಿ ತೊಂದರೆ ಅಂದರೆ ಮಂಜು. ಎಷ್ಟೋ ಸಲ ಸದ್ದು ಮಾತ್ರ ಕೇಳುತ್ತದೆ, ನೀರು ಕಾಣುವುದಿಲ್ಲ. ಅರ್ಧ ಗಂಟೆ ಕಾದರೆ ಗಾಳಿಗೆ ಒಮ್ಮೆ ತೆರೆದುಕೊಳ್ಳುವುದುಂಟು. ಕಾಯುವ ತಾಳ್ಮೆ ಇರಲಿ ಅಂತಲೇ ಅವತ್ತು ಬೇರೆ ಯಾವ ಜಾಗವನ್ನೂ ಇಟ್ಟುಕೊಳ್ಳಬೇಡಿ ಅನ್ನುತ್ತೇನೆ.

ಇದಕ್ಕೆ ಮಾತ್ರ ನನಗೂ ಬಂದವರಿಗೂ ಜಟಾಪಟಿ ಆಗುತ್ತದೆ. ಶನಿವಾರ, ಭಾನುವಾರ ಎರಡೇ ದಿನಕ್ಕೆ ಯಾಣ, ಜೋಗ, ಬನವಾಸಿ, ಉಂಚಳ್ಳಿ, ಸಹಸ್ರಲಿಂಗ ಅಷ್ಟೂ ಬರೆದುಕೊಂಡು ಬಂದಿರುತ್ತಾರೆ. ನಕ್ಷೆಯಲ್ಲಿ ಎಲ್ಲ ಹತ್ತಿರ ಹತ್ತಿರವೇ. ನಮ್ಮ ತಿರುವಿನ ರಸ್ತೆಗೆ ನಕ್ಷೆಯ ಲೆಕ್ಕ ನಡೆಯುವುದಿಲ್ಲ, ಅಲ್ವಾ. ದಿನಕ್ಕೆ ಒಂದು ಜಾಗ, ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದ ಊಟಕ್ಕೆ ವಾಪಸ್. ಇದು ನನ್ನ ಸಲಹೆ. ಒಪ್ಪದವರನ್ನು ಒತ್ತಾಯ ಮಾಡುವುದಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬಂದರೆ ಬಿಸಿ ಊಟ ಸಿಗುವುದಿಲ್ಲ ಅಂತ ಮೊದಲೇ ಹೇಳಿರುತ್ತೇನೆ.

ಯಾಣಕ್ಕೆ ಮಾತ್ರ ಈ ನಿಯಮ ಸಡಿಲ. ದೂರ, ಜೊತೆಗೆ ಕಾಡಿನ ನಡಿಗೆ, ಮೆಟ್ಟಿಲು. ಚಿತ್ರಾನ್ನ, ಮೊಸರನ್ನ ಕಟ್ಟಿ ಕಳಿಸುತ್ತೇನೆ. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಪ್ಪು ಬಂಡೆ. ಕೆಳಗೆ ನಿಂತು ಮೇಲೆ ನೋಡಿದರೆ ಕುತ್ತಿಗೆ ನೋಯುತ್ತದೆ. ನವೆಂಬರ್ ಒಳ್ಳೆಯ ಕಾಲ. ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ. ಶಿವರಾತ್ರಿಗೆ ಜಾತ್ರೆ, ಜನ ಜಾಸ್ತಿ.

ಮಳೆಗಾಲದಲ್ಲಿ ತೋಟ ಸುತ್ತಲು ಹೊರಟರೆ ಉಂಬಳ, ಅಂದರೆ ಜಿಗಣೆ, ಹತ್ತುವುದು ಖಂಡಿತ. ಇದನ್ನು ಮುಚ್ಚಿಡಬಾರದು. ಅಂಗಳ ಇಳಿಯುವ ಮೊದಲೇ ತೋರಿಸಿ, ಕೈಗೆ ಉಪ್ಪಿನ ಗಂಟು ಕೊಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿದ್ದು. ಮುಟ್ಟಿಸಿದರೆ ಉಂಬಳ ಬಿದ್ದುಹೋಗುತ್ತದೆ, ಎಳೆದು ಕೀಳಬಾರದು. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಆಮೇಲೆ ತುರಿಕೆ, ಅಷ್ಟೇ. ದೊಡ್ಡವರು ಕುಣಿದಾಡುತ್ತಾರೆ. ಮಕ್ಕಳು ಎಷ್ಟು ಹತ್ತಿತು ಅಂತ ಲೆಕ್ಕ ಇಡುತ್ತಾರೆ.

ನಿಜವಾಗಿ ಹೆದರಬೇಕಾದ್ದು ಉಂಬಳಕ್ಕಲ್ಲ, ಉಣುಗಿಗೆ, ಅಂದರೆ ಉಣ್ಣೆಹುಳಕ್ಕೆ. ಅದರ ಕಾಲ ಮಳೆ ಮುಗಿದ ಮೇಲೆ, ಬೇಸಿಗೆ ಮುಗಿಯುವ ತನಕ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ನಮ್ಮ ಸಿದ್ದಾಪುರ ತಾಲೂಕಿಗೂ ಬಂದಿದೆ. ಡಿಸೆಂಬರಿನಿಂದ ಮೇ ತನಕ ಕಾಡಿನ ನಡಿಗೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಹತ್ತುವುದು ಇದನ್ನೆಲ್ಲ ನಾನು ಬಹಳ ಯೋಚಿಸಿಯೇ ಒಪ್ಪುತ್ತೇನೆ. ಹೋಗಲೇಬೇಕು ಅಂದವರಿಗೆ ತುಂಬು ತೋಳಿನ ಅಂಗಿ, ಪ್ಯಾಂಟು ಕಾಲುಚೀಲದೊಳಗೆ, ಉಣುಗು ಹತ್ತದ ಹಾಗೆ ಮೈಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೇ ಹಾಕುವುದು. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಆ ಕಡೆಗೆ ಹೋಗುವುದು ಬಂದ್. ಆಶಾ ಕಾರ್ಯಕರ್ತೆಯ ನಂಬರ್ ನನ್ನ ಫೋನಿನಲ್ಲಿ ಮೇಲೆಯೇ ಇದೆ. ಇದನ್ನೆಲ್ಲ ಹೇಳಿದರೆ ಬುಕಿಂಗ್ ಹೋಗುತ್ತದೆ ಅಂತ ಕೆಲವರು ಹೇಳಿದರು. ಹೋಗುವುದಾದರೆ ಹೋಗಲಿ.

ಬೇಸಿಗೆಯವರಿಗೆ ಕಾಡಿನ ಬದಲು ಬನವಾಸಿ ತೋರಿಸುತ್ತೇನೆ. ಕದಂಬರ ರಾಜಧಾನಿ, ವರದಾ ನದಿಯ ದಡ. ಮಧುಕೇಶ್ವರ ದೇವಸ್ಥಾನದ ಕಲ್ಲು ಬೆಳಗಿನ ಹೊತ್ತು ತಂಪಾಗಿರುತ್ತದೆ. ಅಲ್ಲಿರುವ ಕಲ್ಲಿನ ಮಂಚವನ್ನು ನೋಡದೆ ಬರಬೇಡಿ. ಕೆತ್ತನೆ ಅಷ್ಟು ಸಣ್ಣ.

ಇನ್ನು ಊಟ. ಶುರುವಿನಲ್ಲಿ ನಮ್ಮನೆಯವರು "ಪೇಟೆಯವರಿಗೆ ಪನ್ನೀರ್ ಇಲ್ಲದಿದ್ದರೆ ಆಗ್ತದಾ?" ಅಂತ ಅನುಮಾನ ಪಟ್ಟರು. ಅತ್ತೆ ಸುಮ್ನೆ ನಕ್ಕರು. ಅವರ ಮಾತೇ ನಡೆಯಿತು: ಮನೆಯವರು ಉಣ್ಣುವುದನ್ನೇ ಬಂದವರಿಗೂ ಬಡಿಸುವುದು. ಮಾಂಸದ ಅಡುಗೆ ನಮ್ಮಲ್ಲಿಲ್ಲ, ಫೋನಿನಲ್ಲೇ ಹೇಳಿಬಿಡುತ್ತೇನೆ. ಮೀನು ಬೇಕೆಂದವರು ಘಟ್ಟ ಇಳಿದು ಕುಮಟಾ ಕಡೆ ಹೋಗಿ ಉಂಡು ಬರುತ್ತಾರೆ, ಅದರಲ್ಲಿ ಬೇಜಾರೇನಿಲ್ಲ.

ಬೆಳಿಗ್ಗೆ ಕಾಫಿ, ಚಹದ ಜೊತೆಗೆ ಕಷಾಯವೂ ಇರುತ್ತದೆ. ಆಮೇಲೆ ತೆಳ್ಳೇವು, ಅಂದರೆ ತೆಳ್ಳನೆ ದೋಸೆ, ಮೇಲೆ ತುಪ್ಪ, ನೀರಾದ ಜೋನಿಬೆಲ್ಲ. ತೆಳ್ಳೇವನ್ನು ಒಟ್ಟಿಗೆ ಎರೆದಿಟ್ಟರೆ ಕೆಟ್ಟಿತು. ಒಬ್ಬೊಬ್ಬರಿಗೇ ಕಾವಲಿಯಿಂದ ನೇರ ಎಲೆಗೆ ಹೋಗಬೇಕು. ಅದಕ್ಕೇ ತಿಂಡಿಗೆ ಎರಡು ಒಲೆ ಹೊತ್ತಿಸುತ್ತೇವೆ. ಒಂದು ಅತ್ತೆಗೆ, ಒಂದು ನನಗೆ.

ಮಧ್ಯಾಹ್ನದ ಎಲೆಗೆ ತಂಬುಳಿ ಇಲ್ಲದೆ ಆಗುವುದಿಲ್ಲ. ತೋಟದ ಬದಿಯಲ್ಲಿ ಒಂದೆಲಗ ಇದ್ದರೆ ಒಂದೆಲಗ, ಇಲ್ಲದಿದ್ದರೆ ದೊಡ್ಡಪತ್ರೆ, ನೆಲ್ಲಿ. ಜೀರಿಗೆ, ಮೆಣಸು ಹುರಿದು, ಕಾಯಿ ಜೊತೆ ಬೀಸಿ ಮಜ್ಜಿಗೆಗೆ ಕಲಸುವುದು. ಮಜ್ಜಿಗೆ ಹಾಕಿದ ಮೇಲೆ ಕುದಿಸುವ ಹಾಗಿಲ್ಲ. ಪೇಟೆಯಿಂದ ಬಂದವರು ಇದನ್ನು ಚಟ್ನಿ ಅಂದುಕೊಂಡು ಬದಿಗಿಡುತ್ತಾರೆ. ಹಾಗಾಗಿ ನಾನೇ ನಿಂತು, ಮೊದಲು ಅನ್ನಕ್ಕೆ ಇದನ್ನೇ ಕಲಸಿಕೊಳ್ಳಿ ಅಂತ ಹೇಳುತ್ತೇನೆ. ಎರಡನೇ ಸಲ ಅವರೇ ಕೇಳುತ್ತಾರೆ.

ಮಳೆಗಾಲದ ಅಡುಗೆ ನನಗೆ ಎಲ್ಲಕ್ಕಿಂತ ಇಷ್ಟ, ಕೆಲಸವೂ ಆಗಲೇ ಜಾಸ್ತಿ. ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಹೆಚ್ಚಿ, ದಿನಾ ನೀರು ಬದಲಿಸುತ್ತಾ ನೆನೆಸಿಡಬೇಕು. ಹಾಗಾಗಿ ನಾಳೆ ಬರ್ತೇವೆ ಅಂದವರಿಗೆ ಕಳಲೆ ಪಲ್ಯ ಇಲ್ಲ. ಕೆಸುವಿನ ಸೊಪ್ಪಿನ ಗೊಜ್ಜು, ಅದೇ ಕರಕಲಿ, ಅದಕ್ಕೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅದಕ್ಕೆ ಹೊಸಬರಿಗೆ ಬಡಿಸುವ ದಿನ ಅತ್ತೆ ತಾವೇ ರುಚಿ ನೋಡಿ, ಮತ್ತೊಂದು ತುಂಡು ವಾಟೆಹುಳಿ ಹಾಕಿಸುತ್ತಾರೆ. ಸಂಜೆಗೆ ಹಲಸಿನ ಹಪ್ಪಳ, ಕೆಂಡದ ಮೇಲೆ ಸುಟ್ಟಿದ್ದು, ಮೇಲೆ ಕೊಬ್ಬರಿ ಎಣ್ಣೆ. ಹೊರಗೆ ಮಳೆ ಸುರಿಯುವಾಗ ಯಾವ ಜಾಗವನ್ನೂ ತೋರಿಸದೆ ಇಡೀ ದಿನ ಕಳೆಸಿದ್ದಿದೆ, ಯಾರೂ ದೂರಿಲ್ಲ.

ಫೆಬ್ರವರಿ ಹೊತ್ತಿಗೆ ಆಲೆಮನೆ, ಕಬ್ಬು ಅರೆದು ಬೆಲ್ಲ ಮಾಡುವ ಜಾಗ. ಗಾಣದ ಹತ್ತಿರವೇ ನಿಂತು ಕಬ್ಬಿನ ಹಾಲು ಕುಡಿಯುವುದು, ಜೊತೆಗೆ ಮಂಡಕ್ಕಿ, ಮಿರ್ಚಿ. ಆ ಹಾಲಿನಲ್ಲೇ ತೊಡೆದೇವು ಅನ್ನುವ ಸಿಹಿತಿಂಡಿಯ ಹಿಟ್ಟು ಕಲಸುತ್ತಾರೆ. ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವುದು. ಬಂದವರು ನಾವೂ ಮಾಡ್ತೇವೆ ಅನ್ನುತ್ತಾರೆ. ಮಾಡಲಿ, ಹರಿದದ್ದನ್ನು ತಿನ್ನಲು ಮಕ್ಕಳಿದ್ದಾರೆ.

ಅಡಿಕೆ ಕೊಯ್ಲಿನ ದಿನ ಬಂದವರಿಗೆ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದನ್ನು ನೋಡುವುದೇ ಒಂದು ಪ್ರವಾಸ. ಅವತ್ತು ಅವನನ್ನು ಮಾತಾಡಿಸಬೇಡಿ, ಕೆಳಗೆ ನಿಲ್ಲಬೇಡಿ ಎಂಬುದಷ್ಟೇ ನನ್ನ ಷರತ್ತು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಊಟ, ವಸತಿ ಸೇರಿಸಿ ತಲೆಗೆ ಇಷ್ಟು ಅಂತ ಒಂದೇ ದರ. ಜೀಪಿನ ಬಾಡಿಗೆ ಬೇರೆ, ಅದು ನೇರ ಡ್ರೈವರಿಗೇ ಹೋಗುತ್ತದೆ, ನಾನು ಕಮಿಷನ್ ಮುಟ್ಟುವುದಿಲ್ಲ. ಹಾಗಿರುವುದರಿಂದ ರಸ್ತೆ ಕೆಟ್ಟಿದ್ದರೆ ಇವತ್ತು ಬೇಡ ಅಂತ ಅವನೇ ಧೈರ್ಯವಾಗಿ ಹೇಳುತ್ತಾನೆ. ನಮ್ಮ ಹಾಗೆ ಹೋಂಸ್ಟೇ ಶುರು ಮಾಡುವವರಿದ್ದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಬಂದವರ ಗುರುತಿನ ಚೀಟಿ ಬರೆದಿಡುವ ಪುಸ್ತಕ ಇಟ್ಟುಕೊಳ್ಳಿ.

ಹೊರಡುವಾಗ ಹೆಚ್ಚಿನವರು ಕೇಳುವುದು ಅಪ್ಪೆಮಿಡಿ, ಅಂದರೆ ಎಳೆ ಮಾವಿನ ಮಿಡಿ, ಅದರ ಉಪ್ಪಿನಕಾಯಿ. ಹೊಳೆ ದಂಡೆಯ ಅಪ್ಪೆಮರಗಳು ಪ್ರತಿವರ್ಷ ಒಂದೇ ಸಮ ಫಲ ಕೊಡುವುದಿಲ್ಲ. ಬೇರೆ ಕಡೆಯಿಂದ ತಂದು ನಮ್ಮದು ಅಂತ ಮಾರುವುದು ನನಗಾಗದು. ಮಿಡಿ ಕಡಿಮೆಯಾದ ವರ್ಷ ಮನೆಗೆ ಒಂದೇ ಬಾಟಲಿ. ಎರಡು ಬೇಕೆಂದವರಿಗೆ ಅತ್ತೆಯ ಹತ್ತಿರ ಕೇಳಿ ಅಂತ ಕಳಿಸುತ್ತೇನೆ. ಅವರು ಒಳ್ಳೆಯ ಮಾತಿನಲ್ಲೇ ಇಲ್ಲ ಅನ್ನುತ್ತಾರೆ.