ಬ್ರೇಕ್ ಆಯಿಲ್ ಬದಲಿಸಿದ ಎರಡು ದಿನ

ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಇಳಿಯುವ ನಮ್ಮ ದಾರಿ ಹೆಚ್ಚೆಂದರೆ ಅರ್ಧ ಕಿಲೋಮೀಟರು. ಅಷ್ಟೂ ಇಳಿಜಾರು. ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಕೆಳಗಿನ ತೋಟದ ಅಡಿಕೆ ಮರಗಳ ತಲೆ. ಕಳೆದ ಶಿವರಾತ್ರಿಯ ಹೊತ್ತಿಗೆ ಗುಡ್ಡದ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ ಎ.ಟಿ.ವಿ.ಗೆ ಟ್ರೇಲರ್ ಕಟ್ಟಿಕೊಂಡು ದರಕು, ಅಂದರೆ ಒಣಗಿದ ತರಗೆಲೆ, ಸಾಗಿಸುತ್ತಿದ್ದೆ. ನಾಲ್ಕನೆಯ ಸಲ ಇಳಿಯುವಾಗ ಕಾಲಿನ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ತಳಕ್ಕೆ ಹೋಯಿತು. ಪಾದದ ಕೆಳಗೆ ಏನೂ ಇಲ್ಲದ ಹಾಗೆ. ಹ್ಯಾಂಡಲಿನಲ್ಲಿರುವ ಮುಂದಿನ ಚಕ್ರಗಳ ಕೈ ಬ್ರೇಕ್ ಹಿಡಿದು, ಮುಂದಿನ ಚಕ್ರವನ್ನು ದರೆಗೆ ಒರಗಿಸಿ ಗಾಡಿ ನಿಲ್ಲಿಸಿದೆ. ಇಳಿದು ನೋಡಿದರೆ ಹಿಂದಿನ ಡಿಸ್ಕಿನ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ.

ಅರ್ಧ ಗಂಟೆ ಬಿಟ್ಟು ಒತ್ತಿದೆ. ಪೆಡಲ್ ಗಟ್ಟಿಯಾಗಿತ್ತು, ಮೊದಲಿನ ಹಾಗೆಯೇ.

ನನ್ನನ್ನು ಹೆದರಿಸಿದ್ದು ಇದು. ಪೂರ್ತಿ ಕೆಟ್ಟ ಬ್ರೇಕ್ ಇದ್ದರೆ ಗಾಡಿಯನ್ನು ಯಾರೂ ಕೊಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ. ಕೈಕೊಟ್ಟು ಮತ್ತೆ ಸರಿಯಾಗುವ ಬ್ರೇಕನ್ನು ನಂಬಿ ಮರುದಿನ ಮತ್ತೆ ಬೆಟ್ಟ ಹತ್ತುತ್ತೇವೆ. ಅದಕ್ಕೂ ಎರಡು ತಿಂಗಳ ಹಿಂದೆ ಒಮ್ಮೆ ಪೆಡಲ್ ಮೆತ್ತಗಾಗಿತ್ತು. ಆಗ ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದ್ದೆ. ಆಯಿಲ್ ಕಡಿಮೆಯಾಗಿದೆ ಎಂದು ಮೇಲಿನಿಂದ ಒಂದಿಷ್ಟು ಸುರಿದು ಕಳಿಸಿದರು. ತಿರುಗುವ ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದ ಹಾಗೆ, ಆಯಿಲಿನ ಒತ್ತಡದಿಂದ ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಡಬ್ಬಿಯ ಮಟ್ಟ ತಾನಾಗಿ ಇಳಿಯುತ್ತದೆ. ಹಾಗಾಗಿ ಮಟ್ಟ ಇಳಿದಿದ್ದರೆ ಮೊದಲು ಪ್ಯಾಡ್ ನೋಡಬೇಕು, ಆಮೇಲೆ ಎಲ್ಲಾದರೂ ಸೋರಿಕೆ ಇದೆಯೇ ಎಂದು ನೋಡಬೇಕು. ಹಳೆಯದರ ಮೇಲೆ ಹೊಸದನ್ನು ಸುರಿದರೆ, ಪಿಸ್ಟನ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನೊಳಗೆ ಕುಳಿತ ಹಳೆಯದು ಅಲ್ಲಿಯೇ ಇರುತ್ತದೆ.

ನಾವೆಲ್ಲ ಬ್ರೇಕ್ ಆಯಿಲ್ ಎಂದೇ ಕರೆಯುತ್ತೇವೆ. ಆದರೆ ಅದು ಎಣ್ಣೆಯ ಜಾತಿಯದಲ್ಲ. ಎಣ್ಣೆ ನೀರನ್ನು ದೂರ ಇಡುತ್ತದೆ, ಇದು ನೀರನ್ನು ಕುಡಿಯುತ್ತದೆ. ಆಷಾಢದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೇ ಬೂಸಲು ಹಿಡಿಯುವ ಊರು ಇದು. ಗಾಡಿ ಓಡಲಿ, ಕೊಟ್ಟಿಗೆಯಲ್ಲಿ ನಿಂತಿರಲಿ, ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಸಂದಿಯ ಮೂಲಕ ತೇವ ಒಳಗೆ ಸೇರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ಶೇ. 3.7ರಷ್ಟು ನೀರು ಬೆರೆತ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಇದ್ದದ್ದು 140. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಕ್ಯಾಲಿಪರ್ ಆ ಬಿಸಿಯನ್ನು ಮುಟ್ಟುತ್ತದೆ, ನೀರು ಆವಿಯಾಗುತ್ತದೆ. ದ್ರವವನ್ನು ಅದುಮಲು ಬರುವುದಿಲ್ಲ, ಆವಿಯನ್ನು ಅದುಮಬಹುದು. ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿದು ಪ್ಯಾಡಿಗೆ ಏನೂ ಉಳಿಯುವುದಿಲ್ಲ. ತಣಿದಾಗ ಆವಿ ಮತ್ತೆ ನೀರಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ.

ಹಾಗಾಗಿ ಮುಂದಿನದು ಹಿಂದಿನದು ಎರಡನ್ನೂ ಖಾಲಿ ಮಾಡಿ ಹೊಸದು ತುಂಬುವುದೆಂದು ನಿರ್ಧರಿಸಿದೆ. ನನ್ನ ಗಾಡಿಯಲ್ಲಿ ಅವು ಬೇರೆ ಬೇರೆ. ಹ್ಯಾಂಡಲಿನ ಮೇಲಿನ ಡಬ್ಬಿಯಿಂದ ಮುಂದಿನ ಎರಡು ಚಕ್ರಕ್ಕೆ, ಸೀಟಿನ ಪಕ್ಕದ ಸಣ್ಣ ಡಬ್ಬಿಯಿಂದ ಹಿಂದಿನ ಒಂದೇ ಡಿಸ್ಕಿಗೆ. ಅಂದು ನನ್ನನ್ನು ಉಳಿಸಿದ್ದು ಈ ಎರಡು ದಾರಿಗಳ ವ್ಯವಸ್ಥೆ. ಯಾವ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ, ನನ್ನದರಲ್ಲಿ ಡಾಟ್ 4 ಎಂದಿದೆ. ಅಂಗಡಿಯಲ್ಲಿ ಡಾಟ್ 5 ಕೊಟ್ಟರೆ ಹೆಚ್ಚಿನ ಅಂಕಿ, ಒಳ್ಳೆಯದಿರಬೇಕು ಎಂದು ತರಬೇಡಿ. ಅದು ಸಿಲಿಕೋನ್, ಇದರೊಡನೆ ಬೆರೆಯುವುದಿಲ್ಲ. ದೊಡ್ಡ ಡಬ್ಬಿಯೂ ಬೇಡ. ಸೀಲ್ ಒಡೆದ ಕ್ಷಣದಿಂದ ಅದೂ ನೀರು ಕುಡಿಯತೊಡಗುತ್ತದೆ. ನಾನು 250 ಮಿಲಿಲೀಟರಿನ ಎರಡು ಬಾಟಲಿ ತಂದೆ.

ಉಳಿದ ಸಾಮಾನು ಹೆಚ್ಚಿನದೇನಲ್ಲ. 8 ಮಿಲಿಮೀಟರಿನ ರಿಂಗ್ ಸ್ಪ್ಯಾನರ್, ದನಕ್ಕೆ ಔಷಧ ಕೊಡುವ ದೊಡ್ಡ ಸಿರಿಂಜ್ ಒಂದು, ಸೂಜಿ ತೆಗೆದದ್ದು. ಪಾರದರ್ಶಕ ಪೈಪಿಗಾಗಿ ಮೊದಲು ಗಾರೆಯವರ ಲೆವೆಲ್ ಪೈಪನ್ನು ತುಂಡು ಮಾಡಿದೆ. ಅದು ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ನಿಪ್ಪಲ್ಲಿನ ಮೇಲೆ ಸಡಿಲ ಕೂತು, ಪಕ್ಕದಿಂದ ಗಾಳಿ ಎಳೆದುಕೊಂಡು, ಗುಳ್ಳೆ ಒಳಗಿನಿಂದ ಬಂದದ್ದೋ ಹೊರಗಿನಿಂದ ಬಂದದ್ದೋ ತಿಳಿಯದ ಹಾಗೆ ಮಾಡಿತು. ಶಿರಸಿ ಪೇಟೆಯಲ್ಲಿ ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಪೂರ ಪೈಪ್ ಸಿಕ್ಕಿತು. ಅದು ಬಿಗಿಯಾಗಿ ಕೂತಿತು.

ಹಿಂದಿನ ದಿನ ಸಂಜೆಯೇ ಗಾಡಿ ತೊಳೆದು ಮೂರೂ ನಿಪ್ಪಲ್ಲುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆ. ಅದು ಪ್ಯಾಡಿಗೂ ಡಿಸ್ಕಿಗೂ ತಾಗದಂತೆ ಬಟ್ಟೆ ಸುತ್ತಿಕೊಂಡು. ಒಂದರ ರಬ್ಬರ್ ಟೊಪ್ಪಿ ಯಾವಾಗಲೋ ಬಿದ್ದುಹೋಗಿ, ತೂತಿನೊಳಗೆ ಕೆಂಪು ಮಣ್ಣು ಕಲ್ಲಿನಂತೆ ಕೂತಿತ್ತು. ಸಪೂರ ತಂತಿಯಿಂದ ಕೆದಕಿ ತೆಗೆಯಬೇಕಾಯಿತು. ಗಟ್ಟಿಯಾಗಿದೆ ಎಂದು ಸ್ಪ್ಯಾನರಿಗೆ ಜೋರು ಹಾಕಿದರೆ ನಿಪ್ಪಲ್ ಕತ್ತಿನಲ್ಲಿ ತುಂಡಾಗುತ್ತದೆ, ಆಮೇಲೆ ಕ್ಯಾಲಿಪರನ್ನೇ ಬಿಚ್ಚಿ ಒಯ್ಯಬೇಕು. ಬಿಗಿಯುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಸಡಿಲಿಸುವ ದಿಕ್ಕಿಗೆ ತಿರುಗಿಸಿದರೆ ಮೆಲ್ಲನೆ ಬಿಡುತ್ತದೆ.

ಹಿಂದಿನದರಿಂದ ಆರಂಭಿಸಿದೆ. ಸಿರಿಂಜಿನಿಂದ ಡಬ್ಬಿಯ ಹಳೆಯದನ್ನು ಎಳೆದು ತೆಗೆದು, ತಳದ ಕೆಸರನ್ನು ಬಟ್ಟೆಯಿಂದ ಒರೆಸಿ, ಹೊಸದನ್ನು ತುಂಬಿದೆ. ಪೈಪಿನ ಒಂದು ತುದಿ ನಿಪ್ಪಲ್ಲಿಗೆ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಹಾಕಿಟ್ಟ ಬಾಟಲಿಯೊಳಗೆ, ಮುಳುಗುವಂತೆ. ಪೆಡಲ್ ಒತ್ತಲು ಅಕ್ಕನ ಮಗ ಬಂದಿದ್ದ. ನಾನು "ಒತ್ತು" ಎಂದರೆ ಅವನು ಮೂರು ನಾಲ್ಕು ಸಲ ಒತ್ತಿ ಹಿಡಿಯಬೇಕು. ನಾನು ನಿಪ್ಪಲ್ಲನ್ನು ಕಾಲು ಸುತ್ತು ಬಿಚ್ಚುತ್ತೇನೆ, ಆಯಿಲ್ ಹೊರಗೆ ಬರುತ್ತದೆ, ಪೆಡಲ್ ಇಳಿಯುತ್ತದೆ. ನಾನು ಮುಚ್ಚಿ "ಬಿಡು" ಎನ್ನುವವರೆಗೂ ಅವನು ಕಾಲು ತೆಗೆಯುವಂತಿಲ್ಲ. ನಿಪ್ಪಲ್ ತೆರೆದಿದ್ದಾಗ ಕಾಲು ಬಿಟ್ಟರೆ ಹೊರಗೆ ಹೋದದ್ದು ಗಾಳಿಯನ್ನೂ ಕರೆದುಕೊಂಡು ವಾಪಸು ಒಳಗೆ ಬರುತ್ತದೆ. ಇಡೀ ಕೆಲಸದ ಜೀವ ಇರುವುದು ಈ ಎರಡು ಮಾತುಗಳ ಹೊಂದಾಣಿಕೆಯಲ್ಲಿ.

ಮೊದಲು ಬಂದದ್ದು ಕಷಾಯದ ಬಣ್ಣದ್ದು, ಅದರಲ್ಲಿ ಕಪ್ಪು ಕಣಗಳು. ಏಳೆಂಟು ಸಲ ಆದ ಮೇಲೆ ಪೈಪಿನಲ್ಲಿ ಬಣ್ಣ ಮುರಿಯಿತು. ಕಂದು ಮುಂದೆ ಸರಿಯುತ್ತ, ಅದರ ಬೆನ್ನಿಗೆ ತೆಳು ಜೇನಿನಂಥ ಹೊಸ ಆಯಿಲ್ ಬರುವುದನ್ನು ಕಣ್ಣಾರೆ ನೋಡಬಹುದು. ಗುಳ್ಳೆ ನಿಂತ ಮೇಲೂ ನಾನು ನಾಲ್ಕು ಸಲ ಹೆಚ್ಚಿಗೆ ತೆಗೆದೆ.

ಎಡವಿದ್ದು ಮುಂದಿನ ಚಕ್ರಗಳಲ್ಲಿ. ಕೈ ಬ್ರೇಕಿನ ಲಿವರ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು, ಹತ್ತಿರದ್ದು ಆಮೇಲೆ ಎಂಬ ಕ್ರಮ ಸರಿಯಾಗಿಯೇ ಇತ್ತು. ಹ್ಯಾಂಡಲಿನ ಡಬ್ಬಿ ಚಿಕ್ಕದು, ಐದಾರು ಸಲಕ್ಕೊಮ್ಮೆ ತುಂಬಬೇಕು. ಎರಡನೆಯ ಚಕ್ರದಲ್ಲಿ ಬಣ್ಣ ಬದಲಾಗುವುದನ್ನೇ ನೋಡುತ್ತ ಡಬ್ಬಿಯನ್ನು ಮರೆತೆ. ಪೈಪಿನಲ್ಲಿ ಒಮ್ಮೆಲೆ ಬಿಳಿ ನೊರೆ. "ಮಾವ, ಲಿವರ್ ಗಾಳಿಯಾಡುತ್ತಿದೆ" ಎಂದ ಹುಡುಗ. ಡಬ್ಬಿ ಬರಿದಾಗಿ ಮಾಸ್ಟರ್ ಸಿಲಿಂಡರಿನೊಳಗೇ ಗಾಳಿ ಹೊಕ್ಕಿತ್ತು. ಮತ್ತೆ ತುಂಬಿ ಒಂದೂವರೆ ಗಂಟೆ ಒತ್ತಿದರೂ ಲಿವರ್ ಹ್ಯಾಂಡಲನ್ನು ಮುಟ್ಟುತ್ತಲೇ ಇತ್ತು.

ಒತ್ತುವುದನ್ನು ಬಿಟ್ಟೆ. ಹ್ಯಾಂಡಲನ್ನು ತಿರುಗಿಸಿ ಡಬ್ಬಿ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಮಾಡಿ, ಸ್ಪ್ಯಾನರಿನ ಹಿಡಿಯಿಂದ ಕ್ಯಾಲಿಪರಿನಿಂದ ಮೇಲಕ್ಕೆ ಹೋಸಿನುದ್ದಕ್ಕೂ ಮೆಲ್ಲನೆ ತಟ್ಟುತ್ತ ಬಂದೆ. ಡಬ್ಬಿಯ ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ಲಿವರನ್ನು ಬೆರಳ ತುದಿಯಿಂದ ಒಂದು ಭತ್ತದ ಕಾಳಿನಷ್ಟು ಮಾತ್ರ ಒತ್ತಿ ಬಿಟ್ಟರೆ ಅಲ್ಲಿಂದ ಸಾಸಿವೆಯಂಥ ಗುಳ್ಳೆ ಎದ್ದು ಮೇಲೆ ಬಂದು ಒಡೆಯುತ್ತದೆ. ಪೂರ್ತಿ ಒತ್ತಿದರೆ ಪಿಸ್ಟನ್ ಆ ರಂಧ್ರವನ್ನು ದಾಟಿ ಮುಚ್ಚಿಬಿಡುತ್ತದೆ. ನಾವು ಒಂದೂವರೆ ಗಂಟೆ ಮಾಡಿದ್ದು ಅದನ್ನೇ. ಹುಡುಗನೂ ನಾನೂ ತಲೆಗೆ ತಲೆ ತಾಗಿಸಿ ಆ ರಂಧ್ರವನ್ನೇ ನೋಡುತ್ತ ಕೂತೆವು. ಗುಳ್ಳೆಗಳು ವಿರಳವಾಗುವ ಹೊತ್ತಿಗೆ ಕತ್ತಲಾಗಿತ್ತು. ಮುಚ್ಚಳ ಹಾಕಿ, ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ಕಟ್ಟಿ ಮಲಗಿದೆವು. ಬೆಳಿಗ್ಗೆ ಪಟ್ಟಿ ಬಿಚ್ಚಿ, ಮತ್ತೆ ಸಣ್ಣಗೆ ಹತ್ತಾರು ಸಲ ಒತ್ತಿ, ಎರಡೂ ನಿಪ್ಪಲ್ಲುಗಳಿಂದ ಒಂದಿಷ್ಟು ತೆಗೆದೆವು. ಕೊನೆಯ ಎರಡು ಗುಳ್ಳೆ ಹೋದವು. ಲಿವರ್ ಅರ್ಧದಲ್ಲಿ ಕಲ್ಲಿನ ಹಾಗೆ ನಿಂತಿತು.

ಹಿಂದಿನ ಬ್ರೇಕ್ ಕೈಕೊಡಲು ಹಳೆಯ ಆಯಿಲ್ ಒಂದೇ ಕಾರಣವಿರಲಿಲ್ಲ ಎಂಬುದೂ ಅಂದೇ ಗೊತ್ತಾಯಿತು. ಕ್ಯಾಲಿಪರ್ ಜಾರಾಡುವ ಪಿನ್ನು ಕೆಸರು ತಿಂದು ಒಣಗಿ ಹಿಡಿದುಕೊಂಡಿತ್ತು. ಬ್ರೇಕ್ ಬಿಟ್ಟಾಗಲೂ ಒಂದು ಪ್ಯಾಡ್ ಡಿಸ್ಕನ್ನು ಉಜ್ಜಿ ಬಿಸಿ ಮಾಡುತ್ತಲೇ ಇತ್ತು. ಪಿನ್ನು ತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ. ಇಳಿಯುವ ರೀತಿಯನ್ನೂ ಬದಲಿಸಿದ್ದೇನೆ. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆಯೇ ಇಳಿಯುತ್ತೇನೆ, ಪೆಡಲ್ ಆಗೊಮ್ಮೆ ಈಗೊಮ್ಮೆ.

ಚೆಲ್ಲಿದ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಮಡ್‌ಗಾರ್ಡಿನ ಮೇಲೆ ಒದ್ದೆ ಬಟ್ಟೆ ಹಾಸಿದ್ದೆ, ಬಿದ್ದಲ್ಲಿ ಕೂಡಲೇ ನೀರು ಹೊಯ್ದೆ. ತೆಗೆದ ಹಳೆಯದು ವಿಷ. ಅದನ್ನು ಬಸಿಗಾಲುವೆಗೆ ಚೆಲ್ಲುವುದನ್ನು ನೆನೆಸಿದರೇ ನನಗೆ ಸಂಕಟವಾಗುತ್ತದೆ, ಆ ನೀರು ಕೆಳಗಿನ ಮನೆಯವರ ದನಗಳು ಕುಡಿಯುವ ಹೊಂಡಕ್ಕೆ ಸೇರುತ್ತದೆ. ಬಾಟಲಿಯ ಮುಚ್ಚಳ ಬಿಗಿದು, ಹಳೆಯ ಎಂಜಿನ್ ಆಯಿಲ್ ಕೂಡಿಡುವ ಗ್ಯಾರೇಜಿಗೆ ಬೇರೆಯಾಗಿಯೇ ಕೊಟ್ಟೆ.

ಅಂಗಳದಲ್ಲಿ ಲಿವರ್ ಮತ್ತು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದು, ಎಲ್ಲೂ ಜಿನುಗುತ್ತಿಲ್ಲವೆಂದು ನೋಡಿ, ಸಮತಟ್ಟಿನಲ್ಲಿ ನಾಲ್ಕು ಸುತ್ತು ಹೊಡೆದೆ. ಮರುದಿನ ಟ್ರೇಲರ್ ಇಲ್ಲದೆ ಬೆಟ್ಟದ ದಾರಿ ಇಳಿದೆ, ಅದರ ಮರುದಿನ ಅರ್ಧ ಹೇರು ದರಕಿನೊಡನೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕೆಂದು ಗಾಡಿಯ ಕೈಪಿಡಿ ಹೇಳುತ್ತದೆ. ನಮ್ಮ ಮಳೆಗೆ ನಾನು ವರ್ಷಕ್ಕೊಂದು ಸಲ ಎಂದು ಇಟ್ಟುಕೊಂಡಿದ್ದೇನೆ. ಮಳೆ ಹಿಂದೆ ಸರಿದು, ಅಡಿಕೆ ಗೊನೆಗಳ ಕೊಯ್ಲು ಇನ್ನೂ ಶುರುವಾಗದ ಆ ಬಿಡುವಿನಲ್ಲಿ, ಆಯುಧ ಪೂಜೆಗೆ ಗಾಡಿ ತೊಳೆಯುವ ದಿನವೇ. ಹುಡುಗ ಡಬ್ಬಿಯ ಪಕ್ಕಕ್ಕೆ ಬಿಳಿ ಬಣ್ಣದಲ್ಲಿ ತಿಂಗಳು, ವರ್ಷ ಬರೆದಿದ್ದಾನೆ. ಅದರ ಕೆಳಗೆ ಇನ್ನೊಂದು ತಾರೀಖಿಗೆ ಜಾಗ ಬಿಟ್ಟಿದ್ದಾನೆ.