ಆಳಕ್ಕಿಳಿಯದೆ ಉಳಿಸಿಕೊಂಡ ಬಾವಿ: ನನ್ನ ಅನುಭವ

ಸಾಗರ ತಾಲ್ಲೂಕಿನ ನಮ್ಮ ಊರಿನ ಸುತ್ತಮುತ್ತ ಅಗಳ (ಮಳೆನೀರು ಇಂಗಿಸುವ ಕಂದಕ), ಇಂಗುಗುಂಡಿ ತೆಗೆಸುವ ಕೆಲಸವನ್ನು ನಾನು ಇಪ್ಪತ್ತು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಆದರೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಹತ್ತಿರವಿರುವ ತಂಗಿಯ ಮನೆಯ ಬಾವಿಗೆ ಉಪ್ಪುನೀರು ನುಗ್ಗಿದಾಗ, ಅದನ್ನು ಸರಿಪಡಿಸುತ್ತೇನೆಂದು ಹೊರಟ ನನ್ನನ್ನು ಇಲ್ಲಿಯ ಗೆಳೆಯರೂ ನಂಬಲಿಲ್ಲ, ಅಲ್ಲಿಯ ನೆಂಟರೂ ನಂಬಲಿಲ್ಲ. "ಭಾವ, ಘಟ್ಟದ ಮೇಲಿನ ಲೆಕ್ಕ ಘಟ್ಟದ ಕೆಳಗೆ ನಡೆಯುವುದಿಲ್ಲ" ಎಂದು ತಂಗಿಯ ಗಂಡ ಮೊದಲ ದಿನವೇ ಹೇಳಿದ್ದರು. ಅವರ ಮಾತು ಅರ್ಧ ನಿಜವಾಯಿತು. ಆ ಅರ್ಧಕ್ಕೆ ಎರಡೂ ಮನೆಯವರು ಸೇರಿ ತೆತ್ತದ್ದು ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು.

ಬಾವಿಯ ಆಳ 28 ಅಡಿ. ಚಿರೆಕಲ್ಲಿನ ಗುಡ್ಡದ ಬುಡದಲ್ಲಿದೆ. ಉಪ್ಪುಹೊಳೆಯ ಒಂದು ಕವಲು ಅಲ್ಲಿಂದ ನಲವತ್ತು ಮಾರು ದೂರದಲ್ಲಿ ಹರಿಯುತ್ತದೆ. ನಮ್ಮ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲಿಯೂ ಹೊನ್ನಾವರದ ಕಡೆಗೆ ಇಳಿಯುತ್ತಲೇ ಇರುವುದರಿಂದ ಅಲ್ಲಿಯ ಅಳಿವೆಯ ಉಪ್ಪು ತಗ್ಗಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಫೆಬ್ರವರಿಯ ಹೊತ್ತಿಗೆ ಮೇಲಿನಿಂದ ಬರುವ ಸಿಹಿನೀರು ಕ್ಷೀಣಿಸಿ, ಉಬ್ಬರದ ನೀರು ಗಜನಿ ಎಂದು ಕರೆಯುವ ಹೊಳೆಯಂಚಿನ ತಗ್ಗು ಗದ್ದೆಗಳ ಅಂಚಿನವರೆಗೂ ಏರಿ ಬರುತ್ತದೆ. ಪಕ್ಕದ ಸಾಣೀಕಟ್ಟೆಯಲ್ಲಿ ಉಪ್ಪು ಬೆಳೆಯುವುದೂ ಇದೇ ನೀರಿನಿಂದಲೇ.

ನಾನು ಹೋಗುವ ಮೊದಲೇ ಒಂದು ತಪ್ಪು ಆಗಿಹೋಗಿತ್ತು. ಬಾವಿಯ ನೀರು ಸಪ್ಪೆ-ಉಪ್ಪಾದ ವರ್ಷ, ಆಳಕ್ಕೆ ಹೋದರೆ ಸಿಹಿನೀರು ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಭಾವ 85 ಸಾವಿರ ಕೊಟ್ಟು 200 ಅಡಿಯ ಬೋರು ಹೊಡೆಸಿದ್ದರು. ಮೊದಲ ತಿಂಗಳು ನೀರು ಚೆನ್ನಾಗಿಯೇ ಇತ್ತಂತೆ. ನಾನು ಮೀಟರು ಅದ್ದಿ ನೋಡಿದಾಗ ಟಿಡಿಎಸ್, ಅಂದರೆ ಲೀಟರು ನೀರಿನಲ್ಲಿ ಕರಗಿದ ಲವಣ, 4,000 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500 ಒಪ್ಪಿತ ಮಿತಿ, ಬೇರೆ ನೀರಿಲ್ಲದಿದ್ದರೆ 2,000. ಕರಾವಳಿಯ ನೆಲದೊಳಗೆ ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ನಿಂತರೆ ಆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರಿರುತ್ತದೆ, ಅದರಡಿ ಉಪ್ಪುನೀರು; ಈ ಒಂದಕ್ಕೆ ನಲವತ್ತರ ಲೆಕ್ಕ ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಬಲ್ಲವನೆಂದುಕೊಂಡಿದ್ದ ನಾನೇ ಮುಂದೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು.

ಮಲೆನಾಡಿನಲ್ಲಿ ಬಾವಿ ಬತ್ತಿದರೆ ನಾವು ಇನ್ನೆರಡು ಆಳು ಇಳಿಸಿ ತೋಡಿಸುತ್ತೇವೆ. ಆ ರೂಢಿಯಲ್ಲಿ 2020ರ ಬೇಸಿಗೆಯಲ್ಲಿ ಬಾವಿಯನ್ನು ಆರು ಅಡಿ ಇಳಿಸಿದೆ. 22 ಸಾವಿರ ಖರ್ಚಾಯಿತು. ನೀರೇನೋ ಹೆಚ್ಚಿತು, ಎರಡು ತಾಸು ಪಂಪು ಓಡಿಸಿದರೂ ನಿಲ್ಲುತ್ತಿರಲಿಲ್ಲ. ಹದಿನೈದು ದಿನಗಳಲ್ಲಿ ತಂಗಿ ಫೋನು ಮಾಡಿ, "ಅಣ್ಣಾ, ಬೇಳೆ ಬೇಯುತ್ತಿಲ್ಲ, ಸಾಬೂನು ನೊರೆ ಕಟ್ಟುತ್ತಿಲ್ಲ, ಚಹಾ ಬಾಯಿಗಿಡಲಾಗುತ್ತಿಲ್ಲ" ಎಂದಳು. ಮಳೆ ಹಿಡಿಯುವವರೆಗೂ ಪಕ್ಕದ ಗುಡ್ಡದ ಮನೆಯಿಂದ ಅವಳು ಕೊಡಪಾನದಲ್ಲಿ ನೀರು ಹೊತ್ತದ್ದನ್ನು ಇಂದಿಗೂ ಎತ್ತಿ ಆಡುತ್ತಾಳೆ.

ಎರಡನೆಯ ಸೋಲು ಇಂಗುಗುಂಡಿಯದು. ಉಪ್ಪು ಬರುವ ದಿಕ್ಕಿನಲ್ಲಿಯೇ ಸಿಹಿನೀರಿನ ತಡೆ ಕಟ್ಟೋಣವೆಂದು ಬಾವಿಗೂ ಹೊಳೆಗೂ ನಡುವಿನ ಮರಳುನೆಲದಲ್ಲಿ ಎಂಟು ಗುಂಡಿ ತೆಗೆಸಿದೆ. ಕೂಲಿ, ಜಲ್ಲಿ ಎಲ್ಲ ಸೇರಿ 15 ಸಾವಿರವಾಯಿತು. ಮಳೆಗಾಲದಲ್ಲಿ ಅವು ನೀರನ್ನು ಕುಡಿದ ವೇಗ ಕಂಡು ಹಿಗ್ಗಿದ್ದೆ. ಆದರೆ ಮರಳು ಎಷ್ಟು ಬೇಗ ಕುಡಿಯುತ್ತದೆಯೋ ಅಷ್ಟೇ ಬೇಗ ಹೊಳೆಗೆ ಬಿಟ್ಟುಕೊಡುತ್ತದೆ. ದೀಪಾವಳಿಯ ಹೊತ್ತಿಗೆ ಅಲ್ಲಿ ಏನೂ ಉಳಿದಿರಲಿಲ್ಲ.

ದಾರಿ ತೋರಿಸಿದ್ದು ಒಂದು ಸೀಸೆ. ಬಾಯಿಗೆ ಬೂಚು ಬಡಿದ ಗಾಜಿನ ಸೀಸೆಯ ಬುಡಕ್ಕೆ ಕಲ್ಲು ಕಟ್ಟಿ, ಸೀಸೆಗೊಂದು ಬೂಚಿಗೊಂದು ಹೀಗೆ ಎರಡು ಹಗ್ಗ ಹಾಕಿ ಬಾವಿಗೆ ಇಳಿಬಿಟ್ಟೆ. ಬೇಕಾದ ಆಳ ಮುಟ್ಟಿದ ಮೇಲೆ ಬೂಚಿನ ಹಗ್ಗವನ್ನು ಜಗ್ಗಿದರೆ ಗುಳುಗುಳು ಸದ್ದಿನೊಡನೆ ಆ ಆಳದ ನೀರೇ ತುಂಬಿಕೊಳ್ಳುತ್ತದೆ. ಪಂಪು ಮುಟ್ಟದ ಮುಂಜಾವಿನಲ್ಲಿ ಮೇಲಿನ ನೀರು 450ರ ಸುಮಾರು ತೋರಿಸಿತು, ತಳದ್ದು 2,600. ಭಾವ ಎರಡೂ ಲೋಟಗಳಿಂದ ಒಂದೊಂದು ಗುಟುಕು ಕುಡಿದು ನೋಡಿ, ಮಾತಾಡದೆ ಹೋಗಿ ಪಂಪಿನ ಫ್ಯೂಸು ಕಿತ್ತಿಟ್ಟರು. ಸಿಹಿನೀರು ಬಾವಿಯಲ್ಲಿ ಇತ್ತು. ಅದನ್ನು ತಳದ ಉಪ್ಪಿನೊಡನೆ ಕಲಸುತ್ತಿದ್ದವರು ನಾವೇ.

ಅಲ್ಲಿಂದ ಮುಂದೆ ಮಾಡಿದ್ದೆಲ್ಲ ಹಿಂದೆ ಮಾಡಿದ್ದಕ್ಕೆ ತಿರುಗುಮುರುಗು. ನಾನೇ ತೋಡಿಸಿದ ಆರು ಅಡಿಯನ್ನು ಜೇಡಿಮಣ್ಣು ಬಡಿದು ನಾನೇ ಮುಚ್ಚಿಸಿದೆ. ಬೋರನ್ನೂ ಮುಚ್ಚಿದೆವು. ಒಂದು ಎಚ್‌ಪಿ ಪಂಪು ತೆಗೆದು ಅರ್ಧ ಎಚ್‌ಪಿಯದನ್ನು ಕೂರಿಸಿ, ಅದು ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಕ್ಕೆ ಕಟ್ಟಿ, ಯಾವಾಗಲೂ ನೀರಿನ ಮೇಲ್ಮೈಗಿಂತ ಒಂದು ಅಡಿ ಕೆಳಗೆ ತೇಲುವಂತೆ ಮಾಡಿದೆ. ಒಂದೇ ಸಲ ಎರಡು ತಾಸು ಓಡಿಸುವ ಬದಲು ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಹದಿನೈದು-ಇಪ್ಪತ್ತು ನಿಮಿಷ.

ಬಾವಿಯ ಗೋಡೆಯ ಮೇಲೆ ಕೆಂಪು ಬಣ್ಣದ ಒಂದು ಗೆರೆಯಿದೆ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಹೊಳೆಯ ಉಬ್ಬರ ಇಳಿತಗಳ ನಡುಮಟ್ಟವನ್ನು ಹಂತಹಂತವಾಗಿ ಬಾವಿಯವರೆಗೆ ತಂದು ಗುರುತು ಮಾಡಿದ್ದೇವೆ. ನೀರು ಆ ಗೆರೆಗಿಂತ ಕೆಳಗಿಳಿದರೆ ಪಂಪು ಮುಟ್ಟುವಂತಿಲ್ಲ, ಏಕೆಂದರೆ ಆಮೇಲೆ ಹೊಳೆಯೇ ಬಾವಿಯ ಕಡೆಗೆ ಹರಿಯತೊಡಗುತ್ತದೆ. ಗೆರೆಯನ್ನು ನಡುಮಟ್ಟಕ್ಕಿಂತ ಎಷ್ಟು ಇಂಚು ಮೇಲೆ ಎಳೆದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ಬೇಸಿಗೆ ಹಿಡಿದಿದೆ. ಬೇಕಾದವರು ಬಾವಿಯನ್ನೇ ಬಂದು ನೋಡಬಹುದು.

ಗೆರೆ ಎಳೆದರೆ ಸಾಲದು, ನೀರು ಅದರ ಮೇಲೆ ನಿಲ್ಲಬೇಕಲ್ಲ. ಘಟ್ಟದ ಮೇಲಿನ ನನ್ನ ಲೆಕ್ಕ ಕೆಲಸಕ್ಕೆ ಬಂದದ್ದು ಇಲ್ಲಿ. ನಮ್ಮ ಸೊಪ್ಪಿನಬೆಟ್ಟಗಳಲ್ಲಿ ತೋಡುವ ಹಾಗೆಯೇ, ಬಾವಿಯ ಮೇಲ್ಭಾಗದ ಚಿರೆಕಲ್ಲಿನ ಗುಡ್ಡದಲ್ಲಿ ಇಳಿಜಾರಿಗೆ ಅಡ್ಡಲಾಗಿ ಮೂರು ಸಾಲು ಅಗಳ ತೆಗೆಸಿದೆ: ಒಟ್ಟು ಮುನ್ನೂರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ, ಹದಿನೈದು-ಇಪ್ಪತ್ತು ಅಡಿಗೊಂದು ತಡೆ. ಯಂತ್ರ ಹೋಗದ ಮೇಲಿನ ಸಾಲಿಗೆ ಸಾಗರದಿಂದಲೇ ನಾಲ್ವರು ಆಳುಗಳನ್ನು ಕರೆದೊಯ್ದೆ. ಗೇರುಸೊಪ್ಪೆಯ ಘಟ್ಟ ಇಳಿಯುತ್ತಿದ್ದಂತೆಯೇ ಸೆಖೆಗೆ ಅವರು ಬೆವತದ್ದು, ಎರಡನೆಯ ದಿನಕ್ಕೇ ಇಬ್ಬರು ಬಸ್ಸು ಹತ್ತಿ ವಾಪಸಾದದ್ದು ಬೇರೆ ಕಥೆ. ಈ ಕೆಲಸಕ್ಕೆ 34 ಸಾವಿರವಾಯಿತು. ಚಿರೆಕಲ್ಲು ಮರಳಿನಂತೆ ಅವಸರ ಮಾಡುವುದಿಲ್ಲ. ಜುಲೈಯಲ್ಲಿ ಕುಡಿದದ್ದನ್ನು ಮಾರ್ಚಿನವರೆಗೂ ಒಸರಿಸುತ್ತದೆ. ಸಾವಿರ ಚದರ ಅಡಿ ಹೆಂಚಿನ ಛಾವಣಿಯ ನೀರನ್ನೂ ಸೋಸಿ ಬಾವಿಗೆ ಬಿಟ್ಟೆವು. ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ಊರಿನಲ್ಲಿ ಅಷ್ಟು ಛಾವಣಿಯಿಂದಲೇ ಮೂರು ಲಕ್ಷ ಲೀಟರಿನ ಮೇಲೆ ನೀರು ಬರುತ್ತದೆ. ಅದಕ್ಕೆ 14 ಸಾವಿರ. ಪಂಪು ಮತ್ತು ಚಿಲ್ಲರೆ ಸೇರಿ ಯಶಸ್ಸಿನ ಬಾಬ್ತು ಅರುವತ್ತು ಸಾವಿರದೊಳಗೆ ಮುಗಿಯಿತು. ಸೋಲಿಗೆ ಸುರಿದದ್ದರ ಅರ್ಧ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. 1,500 ಟಿಡಿಎಸ್‌ನ ನೀರನ್ನು ಹತ್ತು ಅಡಕೆ ಸಸಿಗಳಿಗೂ ನಾಲ್ಕು ತೆಂಗಿನ ಸಸಿಗಳಿಗೂ ಒಂದು ಬೇಸಿಗೆ ಪೂರ್ತಿ ಉಣಿಸಿದೆ. ಅಡಕೆಯ ಗರಿಗಳು ತುದಿಯಿಂದ ಕಂದುತ್ತ ಬಂದು ಏಳು ಸಸಿಗಳು ಸತ್ತವು. ತೆಂಗು ತಿರುಗಿಯೂ ನೋಡಲಿಲ್ಲ. ಗಜನಿಯಲ್ಲಿ ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತದ ಬೀಜವನ್ನು ನಮ್ಮ ಗದ್ದೆಗೂ ತಂದು ಬಿತ್ತಿದೆ. ಆಳೆತ್ತರ ಬೆಳೆದು ಗಾಳಿಗೆ ಮಲಗಿತು, ಮನೆಯವರ ನಗೆಪಾಟಲಿಗೆ ವಸ್ತುವಾಯಿತು.

ಕಳೆದ ಮೇ ತಿಂಗಳಲ್ಲಿ ಅದೇ ಸೀಸೆ ಇಳಿಸಿದಾಗ ಮೇಲಿನ ನೀರು 320, ತಳದ್ದು 900ರ ಹತ್ತಿರ. ಅಡಿಗೆಗೆ, ಕುಡಿಯುವುದಕ್ಕೆ, ದನಗಳಿಗೆ ಅದೇ ನೀರು. ಟ್ಯಾಂಕರ್ ಕರೆಸದ ಎರಡನೆಯ ಬೇಸಿಗೆ ಅದು. ಈಗ ಭಾವ ನೆಂಟರಿಷ್ಟರ ಮುಂದೆ ಈ ಉಪಾಯವನ್ನು ತಮ್ಮದೆಂದೇ ಹೇಳಿಕೊಳ್ಳುತ್ತಾರೆ, ನಾನು ತಿದ್ದಲು ಹೋಗಿಲ್ಲ. ಗೆಲ್ಲಲಾಗದ್ದು ಇನ್ನೊಂದಿದೆ: ಮೇ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ಎರಡು ಮೂರು ದಿನ ನೀರು ಈಗಲೂ ನಾಲಗೆಗೆ ತಾಗುತ್ತದೆ. ಆ ದಿನಗಳಿಗೆಂದು ಐದು ಸಾವಿರ ಲೀಟರಿನ ಮಳೆನೀರಿನ ತೊಟ್ಟಿ ಕಟ್ಟಿಸುವುದಿದೆ. ಕಲ್ಲು ಅಂಗಳಕ್ಕೆ ಬಂದು ಬಿದ್ದಿದೆ, ಮೇಸ್ತ್ರಿ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.