ಹಕ್ಕಿ ಫೋಟೋಗೆ ಹಳೇ ಡಿ7000 ಕ್ಯಾಮೆರಾ, ಹಳೇ 300 ಎಂಎಂ ಲೆನ್ಸ್: ನನ್ನ ಅನುಭವ

ಹಾರುವ ಹೆಜ್ಜಾರ್ಲೆಯ (ಪೆಲಿಕನ್) ಕಣ್ಣಿಗೇ ಫೋಕಸ್ ಕೂತ ಫೋಟೋಗಳು ಈ ಸಲ ಕೊಕ್ಕರೆ ಬೆಳ್ಳೂರಲ್ಲಿ ಕೊನೆಗೂ ಸಿಕ್ಕವು. ಅದೂ 2010ರಲ್ಲಿ ಬಂದ ನಿಕಾನ್ ಡಿ7000ದಲ್ಲಿ. ‘ಈ ಕಾಲಕ್ಕೆ 16 ಮೆಗಾಪಿಕ್ಸೆಲ್ ಸಾಕಾಗುತ್ತಾ?’ ಅಂದಿದ್ದ ಗೆಳೆಯರಿಗೆ ದೊಡ್ಡ ಪ್ರಿಂಟ್ ಹಾಕಿಸಿ ತೋರಿಸಿದ್ದೇನೆ.

ನಾನು ಮೊದಲು ಆರಿಸಿದ್ದು ಲೆನ್ಸ್, ಆಮೇಲೆ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ). ಕೈಯಲ್ಲಿದ್ದದ್ದು 45 ಸಾವಿರದ ಆಸುಪಾಸು. ಅಂಗಡಿಯವರು ಅಷ್ಟಕ್ಕೆ ಜೊತೆಗೇ ಕೊಡುವ ಎರಡು ಸಾಧಾರಣ ಕಿಟ್ ಲೆನ್ಸ್ ಇರುವ ಹೊಸ ಕ್ಯಾಮೆರಾ ತೋರಿಸಿದರು. ನನಗೆ ಬೇಕಿದ್ದದ್ದು ದೂರದ ಹಕ್ಕಿಯನ್ನು ಹತ್ತಿರ ತರುವ 300 ಎಂಎಂ ಎಫ್/4 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಿದ್ದಷ್ಟೂ ಬೆಳಕು ಜಾಸ್ತಿ). ಒಳಗೆ ಫೋಕಸ್ ಮೋಟರ್ ಇಲ್ಲದ ಹಳೇ ಎಎಫ್ (ಆಟೋಫೋಕಸ್) ಮಾದರಿ ಸೆಕೆಂಡ್ ಹ್ಯಾಂಡ್‌ನಲ್ಲಿ 25 ಸಾವಿರದೊಳಗೆ ಸಿಗುತ್ತಿತ್ತು. ಹಾಗಾಗಿ ಆ ಲೆನ್ಸ್ ತಿರುಗಿಸಲು ಬಾಡಿಯಲ್ಲಿ ಮೋಟರ್ ಇರಲೇಬೇಕು. ನಿಕಾನ್‌ನದೇ ಡಿ5100ರಲ್ಲೂ 16 ಮೆಗಾಪಿಕ್ಸೆಲ್ಲೇ, ಆದರೆ ಮೋಟರ್ ಇಲ್ಲ, ಫೈನ್ ಟ್ಯೂನ್ (ಫೋಕಸ್ ತುಸು ಹಿಂದೆ ಮುಂದೆ ಬೀಳುವುದನ್ನು ಕ್ಯಾಮೆರಾದಲ್ಲೇ ತಿದ್ದುವ ಸೌಲಭ್ಯ) ಇಲ್ಲ, ವ್ಯೂಫೈಂಡರ್‌ನಲ್ಲಿ ಚಿತ್ರದ ಶೇ. 95 ಮಾತ್ರ ಕಾಣುತ್ತದೆ. ಡಿ7000 ಬಾಡಿ 17 ಸಾವಿರಕ್ಕೆ ಬಂತು. ಶಟರ್ ಕೌಂಟ್ (ಅದುವರೆಗೆ ತೆಗೆದ ಫೋಟೋಗಳ ಲೆಕ್ಕ) 40 ಸಾವಿರದ ಹತ್ತಿರ ಇತ್ತು. ಕಂಪನಿಯೇ 1.5 ಲಕ್ಷಕ್ಕೆ ಪರೀಕ್ಷಿಸಿದ ಶಟರ್, ಚಿಂತೆ ಇರಲಿಲ್ಲ.

ಕಾಡಿದ್ದು ಲೆನ್ಸ್. ಕೊರಿಯರ್‌ನಲ್ಲಿ ಬಂದ ಮೊದಲನೆಯದಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಫಂಗಸ್! ಮಾರಿದವರು ಫೋಟೋದಲ್ಲಿ ಅದನ್ನು ಮುಚ್ಚಿಟ್ಟಿದ್ದರು. ದುಡ್ಡು ವಾಪಸ್ ಬರಲು ಎರಡು ತಿಂಗಳು ಹಿಡಿಯಿತು, ಎರಡೂ ಕಡೆಯ ಕೊರಿಯರ್ ಖರ್ಚು ನನ್ನ ತಲೆಗೆ. ಆ ಸೀಸನ್ ಹಾಗೇ ಹೋಯಿತು. ಎರಡನೆಯದರ ಗಾಜು ಚೊಕ್ಕವಾಗಿತ್ತು, ಆದರೆ ಫೋಕಸ್ ಹಕ್ಕಿಯ ಹಿಂದಿನ ಕೊಂಬೆಗೆ ಬೀಳುತ್ತಿತ್ತು. ರಿಪೇರಿಯವರು 6 ಸಾವಿರ ಕೇಳಿದರು. ನಾನು ಫೈನ್ ಟ್ಯೂನ್ ಮೈನಸ್ ಕಡೆಗೆ ಇಳಿಸುತ್ತಾ ಮನೆಯಲ್ಲೇ ಸರಿಮಾಡಿಕೊಂಡೆ. ಫೋಕಸ್ ಪರೀಕ್ಷಿಸುವ ಅಚ್ಚಿನ ಚಾರ್ಟ್ ಬಳಸಲಿಲ್ಲ. ಯಾವುದಕ್ಕೆ ಗುರಿಯಿಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಗೆಳೆಯನ 1.4 ಕನ್ವರ್ಟರ್ (ಲೆನ್ಸ್ ಮತ್ತು ಬಾಡಿ ನಡುವೆ ಹಾಕಿ ಚಿತ್ರವನ್ನು 1.4 ಪಟ್ಟು ಹತ್ತಿರ ತರುವ ಗಾಜು) ಹಾಕಿ ನೋಡಿದೆ. ಎಫ್/5.6 ಆಗಿ ಬೆಳಕು ಕಡಿಮೆ ಬರುತ್ತಲ್ವಾ, ಬೆಳಗಿನ ಬೆಳಕಲ್ಲಿ ಲೆನ್ಸ್ ಫೋಕಸ್ ಸಿಗದೆ ಸುಮ್ನೆ ಹಿಂದೆ ಮುಂದೆ ಓಡುತ್ತದೆ. ಮಧ್ಯಾಹ್ನ ಪರವಾಗಿಲ್ಲ. 2ಎಕ್ಸ್ ಕನ್ವರ್ಟರ್ ಹಾಕಿದರೆ ಎಫ್/8, ಈ ಬಾಡಿಯ ಆಟೋಫೋಕಸ್‌ಗೆ ಆಗದ ಮಾತು.

ಈಗ ನನ್ನ ಸೆಟ್ಟಿಂಗ್: ಎಎಫ್-ಸಿ (ಚಲಿಸುವ ಹಕ್ಕಿಯನ್ನು ಹಿಂಬಾಲಿಸುವ ಫೋಕಸ್), 9 ಫೋಕಸ್ ಪಾಯಿಂಟ್, ಶಟರ್ ವೇಗ 1/1600 ಸೆಕೆಂಡ್, ಫೋಕಸ್ ಹೆಬ್ಬೆರಳಿನ ಬಟನ್‌ಗೆ. ಸತತವಾಗಿ ಹೊಡೆದರೆ ರಾ ಫೈಲ್ (ಸಂಸ್ಕರಿಸದ ದೊಡ್ಡ ಫೋಟೋ ಫೈಲ್) 10–11 ಆಗುವಷ್ಟರಲ್ಲಿ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬುತ್ತದೆ, ಅದಕ್ಕೇ ಹಕ್ಕಿ ಮರಕ್ಕೆ ಇಳಿಯುವಾಗ ಮೂರು ಮೂರೇ ಹೊಡೆಯುತ್ತೇನೆ. ಹಳೇ ಮೋಟರ್ ಕರ್ ಅಂತ ಸದ್ದು ಮಾಡುತ್ತದೆ. ಊರೊಳಗಿನ ಮರದ ಹಕ್ಕಿಗಳು ಅದಕ್ಕೆ ಬೆದರಲಿಲ್ಲ.

ಮುಂದಿನ ಗುರಿ ಇಂಥದ್ದೇ ಇನ್ನೊಂದು ಹಳೇ ಲೆನ್ಸ್, 80-200 ಎಂಎಂ ಎಫ್/2.8 ಎಎಫ್-ಡಿ. ಚೊಕ್ಕ ಗಾಜಿನದು ಯಾರ ಬಳಿಯಾದರೂ ಇದ್ದರೆ ತಿಳಿಸಿ, ಟಾರ್ಚ್ ತಗೊಂಡು ನಾನೇ ಬರುತ್ತೇನೆ.